ಆಪ್ಷನ್ ಇಲ್ಲದ ಪ್ರಶ್ನೆ

ಸಿಇಟಿಯ ಭೌತಶಾಸ್ತ್ರ ಪತ್ರಿಕೆಯಲ್ಲಿ 60 ಪ್ರಶ್ನೆ, 80 ನಿಮಿಷ, ಪ್ರಶ್ನೆಗೊಂದು ಅಂಕ. ಉತ್ತರ ತಪ್ಪಾದರೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದು ಸರಿ. ಹಾಗಾಗಿ ಪ್ರಶ್ನೆಪತ್ರಿಕೆಯನ್ನು ಬಿಚ್ಚಿಯೂ ನೋಡದೆ, ಓಎಂಆರ್ ಹಾಳೆಯಲ್ಲಿ ಮನಸ್ಸಿಗೆ ಬಂದ ಸೊನ್ನೆಗಳನ್ನು ತುಂಬಿಸಿ ಎದ್ದು ಬಂದವನಿಗೂ ಸರಾಸರಿ 15 ಅಂಕ ಬರಬೇಕು. ನನಗೆ ಬಂದದ್ದು ಅದಕ್ಕಿಂತ ಚೂರು ಹೆಚ್ಚು. ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಎರಡು ವರ್ಷ ಪಿಯುಸಿ ವಿಜ್ಞಾನ ಓದಿದ್ದಕ್ಕೆ ಸಂಪಾದನೆ ಆ ಚೂರು.

ತಮಾಷೆ ಏನೆಂದರೆ, ಅದೇ ವರ್ಷ ಪಿಯುಸಿ ಬೋರ್ಡ್ ಪರೀಕ್ಷೆಯಲ್ಲಿ ಫಿಸಿಕ್ಸ್‌ಗೆ ನನಗೆ ಒಳ್ಳೆಯ ಅಂಕವೇ ಬಂದಿತ್ತು. ಅಪ್ಪ ಟೀ ಅಂಗಡಿಯಲ್ಲಿ ಹೇಳಿಕೊಳ್ಳುವಷ್ಟು. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಹಾಗಾಗಿ ರ್‍ಯಾಂಕ್ ಬಂದಾಗ ಅಪ್ಪನಿಗೆ ಅರ್ಥವೇ ಆಗಲಿಲ್ಲ. ಮಾರ್ಚಿನಲ್ಲಿ ಬುದ್ಧಿವಂತನಾಗಿದ್ದ ಮಗ ಮೇ ತಿಂಗಳಿಗೆ ದಡ್ಡ ಹೇಗಾದ?

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟು ಮೀಸಲು. ಎರಡಕ್ಕೂ ನಾನು ಬಾಧ್ಯಸ್ಥ. ಶಾಲೆಯಲ್ಲಿ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಬಿಇಒ ಸಹಿ ಹಾಕಿಸಿ, ಪ್ಲಾಸ್ಟಿಕ್ ಫೈಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ. ಅಷ್ಟಿದ್ದೂ ಬೇಕೆಂದ ಕಾಲೇಜು, ಬೇಕೆಂದ ಬ್ರ್ಯಾಂಚು ಹತ್ತಿರಕ್ಕೂ ಸುಳಿಯಲಿಲ್ಲ.

ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: ಕನ್ನಡ ಮಾಧ್ಯಮದಿಂದ ಬಂದವನು, ಇಂಗ್ಲಿಷ್ ತೊಡಕಾಯಿತು. ಎಲ್ಲರೂ ನಂಬಿದರು. ನಂಬುವಂಥ ಮಾತೇ ಅದು, ಎಷ್ಟೋ ಹುಡುಗರ ಪಾಲಿಗೆ ನಿಜ ಕೂಡ. ನನ್ನ ಪಾಲಿಗೆ ಸುಳ್ಳು. ಕೆಮಿಸ್ಟ್ರಿ, ಗಣಿತ ಕೂಡ ಇಂಗ್ಲಿಷಿನಲ್ಲೇ ಇದ್ದವು, ಅವುಗಳಲ್ಲಿ ನಾನು ಮುಳುಗಿರಲಿಲ್ಲ. ಕಾರಣ ಬೇರೆ ಇತ್ತು. ಅದು ನನಗೆ ಒಳಗೊಳಗೇ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿಯಾಗಿ ನಮ್ಮ ತೋಟದ ಬೋರ್‌ವೆಲ್ ಇದೆ.

ಮಂಡ್ಯ ಜಿಲ್ಲೆ ಎಂದರೆ ಕಬ್ಬು, ಕನ್ನಂಬಾಡಿ ನಾಲೆ, ವರ್ಷವಿಡೀ ಹಸಿರು ಎಂದುಕೊಂಡವರು ಶ್ರೀರಂಗಪಟ್ಟಣ, ಪಾಂಡವಪುರ ನೋಡಿ ಹಾಗೇ ವಾಪಸ್ಸು ಹೋದವರು. ನಾಗಮಂಗಲದ ಕಡೆ ರಾಗಿ, ಹುರುಳಿ, ತೆಂಗು. ಮಳೆ ಬಂದರೆ ಬೆಳೆ. ಬಿಂಡಿಗನವಿಲೆ ಹೋಬಳಿಯನ್ನು ಹೊರಗಿನವರು ಗುರುತಿಸುವುದು ಚೆನ್ನಕೇಶವನ ಗುಡಿಯ ಗರುಡನಿಂದ, ಒಳಗಿನವರು ಅಳೆಯುವುದು ಯಾರ ಬೋರಿನಲ್ಲಿ ಎಷ್ಟು ಇಂಚು ನೀರು ಎಂಬುದರಿಂದ. ನಾನು ಎರಡನೇ ಪಿಯುಸಿಯಲ್ಲಿದ್ದ ಬೇಸಿಗೆಯಲ್ಲಿ ಹಳೆಯ ಬೋರು ಬತ್ತಿ, ಅಪ್ಪ ಹೊಸದೊಂದು ಕೊರೆಸಿದರು. ತಮಿಳುನಾಡಿನ ನೋಂದಣಿಯ ಎರಡು ಲಾರಿ ಬಂದು ತೆಂಗಿನ ಸಾಲಿನ ನಡುವೆ ನಿಂತವು. ರಾತ್ರಿಯೆಲ್ಲ ಕಂಪ್ರೆಸರ್ ಗುಡುಗು. ಬೂದುಬಣ್ಣದ ಕಲ್ಲಿನ ಪುಡಿ ಎದ್ದು ಹತ್ತಿರದ ತೆಂಗಿನ ಗರಿಗಳೆಲ್ಲ ಸುಣ್ಣ ಬಳಿದಂತೆ ಆದವು. ಪ್ರತಿ ರಾಡ್ ಇಳಿದಾಗಲೂ ಅಪ್ಪ ಬೆರಳು ಮಡಿಸುತ್ತಿದ್ದರು, ಅಡಿಗಿಷ್ಟು ಅಂತ ದುಡ್ಡು. ಆರುನೂರು ಅಡಿಗೆ ಬಂದಾಗ ಪುಡಿ ಹೋಗಿ ಕೆಸರು ಬಂತು, ಕೆಸರು ಹೋಗಿ ನೀರು ಚಿಮ್ಮಿತು.

ಮಾರನೇ ದಿನ ಮೋಟಾರಿನ ಮಾತು ಬಂತು. ಅಪ್ಪ ನನ್ನನ್ನು ಕರೆದರು.

"ಮಗಾ, ಐದೆಚ್‌ಪಿ ಮೋಟ್ರು ಆರ್ನೂರಡಿಯಿಂದ ಗಂಟೆಗೆ ಎಷ್ಟ್ ನೀರ್ ಎತ್ತದು, ವಸಿ ಲೆಕ್ಕ ಆಕಿ ಏಳ್ಲಾ."

ಪಕ್ಕದಲ್ಲಿ ಚಿಕ್ಕಪ್ಪ, ಲಾರಿಯವರು, ತಮಾಷೆ ನೋಡಲು ಬಂದ ನಾಲ್ಕೈದು ಜನ. ನಾನು ಪಿಯುಸಿ ಸೈನ್ಸು. ಕೆಲಸ, ಶಕ್ತಿ, ಸಾಮರ್ಥ್ಯದ ಅಧ್ಯಾಯದಲ್ಲಿ ಪಂಪಿನ ಲೆಕ್ಕ ಇತ್ತು, ನನ್ನ ಕ್ವೆಶ್ಚನ್ ಬ್ಯಾಂಕಿನಲ್ಲೂ ಇತ್ತು, ಅದರ ಮುಂದೆ ಕೆಂಪು ಇಂಕಿನ ರೈಟ್ ಮಾರ್ಕೂ ಇತ್ತು. ಎಡಗಡೆ ಪುಟ, ಕೆಳಗಿನಿಂದ ಎರಡನೆಯದು, ಉತ್ತರ ‘ಸಿ’. ಇಷ್ಟೆಲ್ಲ ನೆನಪಿತ್ತು. ಲೆಕ್ಕ ಎಲ್ಲಿಂದ ಶುರು ಮಾಡಬೇಕೋ ಮಾತ್ರ ಗೊತ್ತಾಗಲಿಲ್ಲ.

"ಪೈಪ್ ಸೈಜ್ ಗೊತ್ತಿಲ್ದೆ ಹೇಳಕ್ಕಾಗಲ್ಲ ಕನಪ್ಪ" ಎಂದೆ. ಅಪ್ಪ ತಲೆಯಾಡಿಸಿದರು. ಸಂಜೆ ಬೆಳ್ಳೂರು ಕ್ರಾಸಿನ ಮೋಟಾರ್ ಅಂಗಡಿಯವರು ಗೋಡೆಗೆ ಅಂಟಿಸಿದ್ದ ಚಾರ್ಟಿನ ಮೇಲೆ ಬೆರಳಿಟ್ಟು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು.

ಅವತ್ತೇ ಎಚ್ಚೆತ್ತುಕೊಂಡಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ನಾನು ಮಾಡಿದ್ದೇನೆಂದರೆ, ಮನೆಗೆ ಬಂದು ಆ ಲೆಕ್ಕದ ಪುಟ ತೆಗೆದು, ಕೆಳಗಿದ್ದ ಪರಿಹಾರವನ್ನು ಮತ್ತೊಮ್ಮೆ ಓದಿ, "ಇಷ್ಟೇನಾ, ಗೊತ್ತಿತ್ತಲ್ಲ" ಅಂದುಕೊಂಡು ಪುಸ್ತಕ ಮುಚ್ಚಿದ್ದು.

ಓದುತ್ತಿದ್ದ ರೀತಿಯೇ ಹಾಗಿತ್ತು. ದಿಂಬಿನಷ್ಟು ದಪ್ಪದ ಕ್ವೆಶ್ಚನ್ ಬ್ಯಾಂಕ್, ಸಾವಿರಾರು ಪ್ರಶ್ನೆ, ಪ್ರತಿ ಪ್ರಶ್ನೆಯ ಬುಡದಲ್ಲೇ ಉತ್ತರ ಮತ್ತು ಪರಿಹಾರ. ಪ್ರಶ್ನೆ ಓದುವುದು, ಎರಡು ಕ್ಷಣ ಆಕಾಶ ನೋಡುವುದು, ಕಣ್ಣು ತಾನಾಗಿ ಕೆಳಗೆ ಜಾರುವುದು. ಪರಿಹಾರ ಓದುವಾಗ ಪ್ರತಿ ಸಾಲಿಗೂ ಒಳಗಿನಿಂದ ಹೂಂ ಎಂಬ ದನಿ. ಹೂಂ ಎಂದ ಮೇಲೆ ರೈಟ್ ಮಾರ್ಕ್. ದಿನಕ್ಕೆ ಇಷ್ಟು ಪುಟ ಎಂದು ಗುರಿ. ಅಮ್ಮ ಕಾಫಿ ಇಡಲು ಬಂದಾಗ ಪುಟ ತುಂಬ ಕೆಂಪು ಗುರುತು ನೋಡಿ ಸಂತೋಷಪಡುತ್ತಿದ್ದಳು. ಸಂತೆಯಲ್ಲಿ ಯಾರೋ ಎದುರಾಗುತ್ತಾರೆ, ಮುಖ ಚೆನ್ನಾಗಿ ಪರಿಚಯ, ಹೆಸರು ಕೇಳಿದರೆ ನಾಲಗೆ ತಡವರಿಸುತ್ತದೆ. ಆ ಪುಸ್ತಕದ ಪ್ರಶ್ನೆಗಳ ಜೊತೆ ನನ್ನ ಸಂಬಂಧ ಅಷ್ಟೇ. ಬೋರ್ಡ್ ಪರೀಕ್ಷೆಗೆ ಇದು ಸಾಕಾಯಿತು. ಅಲ್ಲಿ ಡಿರೈವೇಶನ್‌ಗಳು ವರ್ಷವರ್ಷ ಮರಳಿ ಬರುತ್ತವೆ, ಲೆಕ್ಕಗಳ ಅಂಕಿ ಬದಲಾಗುತ್ತದೆ, ಜಾತಿ ಬದಲಾಗುವುದಿಲ್ಲ. ಸಿಇಟಿಯಲ್ಲಿ ಎಂಬತ್ತು ಸೆಕೆಂಡಿಗೊಂದು ಹೊಸ ಮುಖ.

ಪ್ರಾಕ್ಟಿಕಲ್ ವಿಷಯವನ್ನೂ ಹೇಳಿಬಿಡುತ್ತೇನೆ. ಮೀಟರ್ ಬ್ರಿಡ್ಜ್‌ನ ತಂತಿಯ ಮೇಲೆ ಜಾಕಿಯನ್ನು ಮುಟ್ಟಿಸುತ್ತ ಹೋಗಿ, ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವ ಜಾಗ ಹುಡುಕಬೇಕು. ನಾನು ಹುಡುಕಿದ್ದು ಸೀನಿಯರ್‌ಗಳ ರೆಕಾರ್ಡ್ ಪುಸ್ತಕವನ್ನು. ರೀಡಿಂಗ್‌ಗಳನ್ನು ಅಲ್ಲಿಂದಲೇ ಇಳಿಸಿಕೊಂಡೆ. ಅನುಮಾನ ಬರದಿರಲೆಂದು ಕೊನೆಯ ದಶಮಾಂಶ ಬದಲಿಸುವ ಜಾಣತನ ಬೇರೆ. ಆ ಜಾಣತನಕ್ಕೆ ಖರ್ಚಾದ ಹೊತ್ತಿನಲ್ಲಿ ಮುಳ್ಳನ್ನೇ ನೋಡಬಹುದಿತ್ತು. 30 ಅಂಕದ ಪ್ರಾಕ್ಟಿಕಲ್‌ನಲ್ಲಿ ನನಗೆ ಬಂದದ್ದು ಎಷ್ಟು ಎಂದು ಹೇಳಲು ನಾಚಿಕೆ, ಯಾಕೆಂದರೆ ಬಹಳ ಹೆಚ್ಚು ಬಂತು.

ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಊರಿನ ಇತರ ಹುಡುಗರಂತೆ ನಾನೂ ನಗರವೊಂದರಲ್ಲಿ ಕ್ರ್ಯಾಶ್ ಕೋರ್ಸಿಗೆ ಸೇರಿದೆ. ಫೀಸಿಗೆ ಅಪ್ಪ ಕೊಬ್ಬರಿ ಮಾರಿದರು. ಅಲ್ಲಿ ಶಾರ್ಟ್‌ಕಟ್‌ಗಳ ಸುರಿಮಳೆ: ಲೆಕ್ಕ ಮಾಡದೆಯೇ ಯೂನಿಟ್ ನೋಡಿ ಎರಡು ಆಪ್ಷನ್ ಹೊಡೆದುಹಾಕುವುದು, ಸೂತ್ರದ ಚೀಟಿ, ಅಧ್ಯಾಯಕ್ಕೊಂದು ಪುಟದ ಸಾರಾಂಶ. ಇವನ್ನು ನಾನು ಹೀಗಳೆಯುವುದಿಲ್ಲ. ಯೂನಿಟ್ ನೋಡಿ ಆಯ್ಕೆ ಕಿತ್ತುಹಾಕುವುದು ಒಳ್ಳೆಯ ಭೌತಶಾಸ್ತ್ರವೇ. ಆದರೆ ವಿಷಯ ಗೊತ್ತಿರುವವನಿಗೆ ಅದು ಸಮಯ ಉಳಿಸುತ್ತದೆ, ಗೊತ್ತಿಲ್ಲದವನಿಗೆ ಗೊತ್ತಿದೆ ಎಂಬ ಧೈರ್ಯ ಕೊಡುತ್ತದೆ. ಅಲ್ಲಿ ಪಾಠ ಮಾಡುತ್ತಿದ್ದವರೊಬ್ಬರು ಪ್ರತಿ ಲೆಕ್ಕಕ್ಕೂ ಮೊದಲು ಬೋರ್ಡಿನ ಮೇಲೆ ಚಿತ್ರ ಬರೆದು, ಬಾಣ ಹಾಕಿ, "ನೀವೂ ಬರೀರಿ" ಅನ್ನುತ್ತಿದ್ದರು. ನಾನು ಕೊನೆಯ ಸಾಲಿನ ಸೂತ್ರಕ್ಕೆ ಕಾಯುತ್ತಿದ್ದೆ.

ರ್‍ಯಾಂಕ್ ಬಂದ ಮೇಲೆ ಮನೆಯಲ್ಲಿ ಜಗಳವಾಗಲಿಲ್ಲ, ಆಗಿದ್ದರೆ ವಾಸಿಯಿತ್ತು. ಅಮ್ಮ ಇನ್ನೊಂದು ವರ್ಷ ಕೂತು ಓದು ಅಂದಳು. ಅಪ್ಪ ಏನೂ ಅನ್ನಲಿಲ್ಲ. ರಾತ್ರಿ ಮೂರು ಫೇಸ್ ಕರೆಂಟ್ ಬಂದಾಗ ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಿ ಬರುವ ಕೆಲಸ ನನಗೆ ಬಂತು. ನೀರು ತೊಟ್ಟಿಗೆ ಬೀಳುವುದನ್ನು ನೋಡುತ್ತ ಕೂತಿರಬೇಕು, ಬೇರೆ ಕೆಲಸವಿಲ್ಲ. ಒಂದು ರಾತ್ರಿ ಅಪ್ಪ ಕೇಳಿದ್ದ ಲೆಕ್ಕವನ್ನು ಫೋನಿನ ಬೆಳಕಿನಲ್ಲಿ ಹಳೇ ಬಿಲ್ಲಿನ ಹಿಂಬದಿಯಲ್ಲಿ ಮಾಡಿದೆ. ಪುಸ್ತಕ ಮನೆಯಲ್ಲಿತ್ತು, ಹಾಗಾಗಿ ಕಣ್ಣು ಜಾರಲು ಜಾಗವಿರಲಿಲ್ಲ.

ನೀರು ಆರುನೂರು ಅಡಿ ಕೆಳಗೇ ನಿಂತಿದೆ ಎಂದು ಇಟ್ಟುಕೊಂಡೆ. ಅಂದರೆ ಸುಮಾರು 183 ಮೀಟರ್. ಒಂದು ಲೀಟರ್ ನೀರು ಒಂದು ಕಿಲೋ. ಅದನ್ನು ಮೇಲೆ ತರಲು 9.8ನ್ನು 183ರಿಂದ ಗುಣಿಸಿ, ಹೆಚ್ಚುಕಡಿಮೆ 1800 ಜೂಲ್ ಕೆಲಸ. ಒಂದು ಎಚ್‌ಪಿ ಅಂದರೆ 746 ವಾಟ್, ಐದಕ್ಕೆ 3730. ಮೋಟಾರು ಸೆಕೆಂಡಿಗೆ 3730 ಜೂಲ್ ಕೆಲಸ ಮಾಡಬಲ್ಲದು ಎಂದಾದರೆ ಸೆಕೆಂಡಿಗೆ ಎರಡು ಲೀಟರ್. ಪಂಪಿನಲ್ಲಿ, ಪೈಪಿನ ಘರ್ಷಣೆಯಲ್ಲಿ ಅರ್ಧ ಸೋರಿಹೋಯಿತು ಎಂದರೂ ಒಂದು ಲೀಟರ್. ಗಂಟೆಗೆ 3600 ಲೀಟರ್, ಇನ್ನೂರು ಲೀಟರಿನ ಡ್ರಮ್ಮಾದರೆ ಹದಿನೆಂಟು. ಪೈಪ್ ಸೈಜ್ ಇಲ್ಲದೆಯೂ ಇಷ್ಟನ್ನು ಹೇಳಬಹುದಿತ್ತು. ಅಷ್ಟು ಜನರ ಮುಂದೆ ಅದನ್ನು ಹೇಳಿದ್ದರೆ ಅಪ್ಪನ ಮುಖ ಹೇಗಿರುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಲೆಕ್ಕಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಇಂಚು. ಬೋರ್ ಕೊರೆಯುವವರು ಚಿಮ್ಮುವ ನೀರನ್ನು ಕಾಲುವೆ ಮಾಡಿ ಹರಿಸಿ, ಅದಕ್ಕೆ ಅಡ್ಡವಾಗಿ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡನ್ನು ನಿಲ್ಲಿಸುತ್ತಾರೆ. ಆ ಕೊರಕಲಿನಲ್ಲಿ ನೀರು ಎಷ್ಟು ಎತ್ತರಕ್ಕೆ ಏರಿ ಹರಿಯುತ್ತದೋ ಅದೇ ಇಂಚು. ನಮ್ಮ ಕಡೆ ಎಲ್ಲರೂ ಎರಡಿಂಚು ಎಂದರೆ ಒಂದಿಂಚಿನ ಎರಡರಷ್ಟು ನೀರು ಎಂದೇ ಮಾತಾಡುವುದು, ಅಣ್ಣತಮ್ಮಂದಿರ ಪಾಲು ಮಾಡುವಾಗಲೂ ಅದೇ ಲೆಕ್ಕ. ಮೋಟಾರ್ ಅಂಗಡಿಯ ಚಾರ್ಟಿನಲ್ಲಿ ಮಾತ್ರ ಬೇರೆಯೇ ಇತ್ತು: ಒಂದಿಂಚಿಗೆ ಗಂಟೆಗೆ ಸುಮಾರು ಐನೂರು ಲೀಟರ್, ಎರಡಿಂಚಿಗೆ ಮೂರು ಸಾವಿರದ ಹತ್ತಿರ. ಚಾರ್ಟು ತಪ್ಪಿರಬೇಕು ಅಂದುಕೊಂಡೆ. ತೊಟ್ಟಿಯ ಪಕ್ಕ ಕೂತು ಚಿತ್ರ ಬರೆದ ಮೇಲೆ ತಿಳಿಯಿತು. ‘ವಿ’ ಆಕಾರದಲ್ಲಿ ನೀರಿನ ಎತ್ತರ ಎರಡರಷ್ಟಾದರೆ ಮೇಲಿನ ಅಗಲವೂ ಎರಡರಷ್ಟು, ಅಲ್ಲಿಗೆ ಹರಿಯುವ ಜಾಗ ನಾಲ್ಕರಷ್ಟು. ಅದರ ಮೇಲೆ ಎತ್ತರ ಹೆಚ್ಚಿದಂತೆ ನೀರಿನ ವೇಗವೂ ಹೆಚ್ಚುತ್ತದೆ, ವರ್ಗಮೂಲದ ಲೆಕ್ಕದಲ್ಲಿ, ಅಂದರೆ 1.4ರಷ್ಟು. ನಾಲ್ಕು ಗುಣಿಸು 1.4, ಐದೂವರೆ ಪಟ್ಟಿಗೂ ಮೇಲೆ. ಆ ವರ್ಗಮೂಲ ಬಂದದ್ದು ಟಾರಿಚೆಲ್ಲಿಯ ನಿಯಮದಿಂದ. ಮೊದಲ ಪಿಯುಸಿಯ ದ್ರವಗಳ ಅಧ್ಯಾಯದಲ್ಲಿ ಅದನ್ನು ನಾನು ಬಾಯಿಪಾಠ ಮಾಡಿದ್ದೆ, ತೊಟ್ಟಿಯ ತೂತಿನ ಚಿತ್ರದ ಸಮೇತ.

ಆ ವರ್ಷ ಓದಿನ ಕ್ರಮ ಬದಲಾಯಿತು. ದೊಡ್ಡ ಸಂಕಲ್ಪವೇನಿಲ್ಲ. ಕ್ವೆಶ್ಚನ್ ಬ್ಯಾಂಕಿನ ಪ್ರಶ್ನೆಗಳನ್ನಷ್ಟೇ, ಆಪ್ಷನ್ ಬಿಟ್ಟು, ಒಂದು ಲಾಂಗ್ ಬುಕ್ಕಿಗೆ ಇಳಿಸಿಕೊಂಡು ಪುಸ್ತಕವನ್ನು ಅಟ್ಟದ ಮೇಲೆ ಇಟ್ಟೆ. ಉತ್ತರ ನೋಡಬೇಕೆಂದರೆ ಏಣಿ ಹತ್ತಬೇಕು. ಸೋಮಾರಿತನವೂ ಉಪಯೋಗಕ್ಕೆ ಬಂತು: ಏಣಿ ಹತ್ತುವುದಕ್ಕಿಂತ ಇನ್ನೊಂದು ಐದು ನಿಮಿಷ ತಲೆ ಕೆರೆದುಕೊಳ್ಳುವುದೇ ಸುಲಭ ಎನಿಸುತ್ತಿತ್ತು. ತಪ್ಪಾದವನ್ನು ಬೇರೊಂದು ನೋಟ್‌ಬುಕ್ಕಿನಲ್ಲಿ ಬರೆದು, ಯಾಕೆ ತಪ್ಪಾಯಿತು ಎಂದು ಪಕ್ಕದಲ್ಲಿ ಗುರುತಿಸುತ್ತ ಹೋದೆ. ಗುಣಾಕಾರದ ತಪ್ಪೇ ಹೆಚ್ಚಿರಬಹುದು ಎಂದುಕೊಂಡಿದ್ದೆ, ಸಮಯ ಸಾಲದೆ ಆಗಿದ್ದು ಎಂದು ಹೇಳಿಕೊಳ್ಳಲು ಅದು ಅನುಕೂಲವೂ ಆಗಿತ್ತು. ಪುಟ ತುಂಬಿದ್ದು ಬೇರೆ ಜಾತಿಯ ತಪ್ಪುಗಳಿಂದ.

ಉದಾಹರಣೆಗೆ ಇದು: ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೀರಿ. ತೀರಾ ಮೇಲಿನ ಬಿಂದುವಿನಲ್ಲಿ ಅದರ ವೇಗೋತ್ಕರ್ಷ ಎಷ್ಟು? ನಾನು ಸೊನ್ನೆ ಎಂದು ಬರೆದೆ, ಅನುಮಾನವೇ ಇಲ್ಲದೆ. ಅಲ್ಲಿ ಚೆಂಡು ನಿಂತಿರುತ್ತದಲ್ಲ! ವೇಗ ಸೊನ್ನೆ ಎಂಬುದು ಸರಿ. ಆದರೆ ವೇಗೋತ್ಕರ್ಷವೂ ಸೊನ್ನೆಯಾಗಿದ್ದರೆ ಚೆಂಡು ಕೆಳಗೆ ಬರುವ ಕಾರಣವೇ ಇರುತ್ತಿರಲಿಲ್ಲ, ಅಲ್ಲೇ ಆಕಾಶದಲ್ಲಿ ತೂಗಾಡಿಕೊಂಡಿರಬೇಕಿತ್ತು. ಉತ್ತರ 9.8, ಕೆಳಮುಖವಾಗಿ, ಹೋಗುವಾಗಲೂ ಬರುವಾಗಲೂ ಮಧ್ಯದಲ್ಲೂ. ಇದರಲ್ಲಿ ಕೂಡಿ ಕಳೆಯುವುದು ಏನಿದೆ? ಚಲನೆಯ ಸೂತ್ರಗಳನ್ನು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದ ನಾನು ಚಲನೆಯನ್ನು ತಿಳಿದಿರಲಿಲ್ಲ.

ಇದು ನನ್ನೊಬ್ಬನ ರೋಗವಲ್ಲ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 1992ರಲ್ಲಿ ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಎಂಬ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಕ್ಯಾಲ್ಕ್ಯುಲೇಟರ್ ಬೇಡ, ಸೂತ್ರ ಬೇಡ, ಬರೀ ಬಲ ಮತ್ತು ಚಲನೆಯ ಬಗ್ಗೆ ಸಾದಾ ಮಾತಿನ ಪ್ರಶ್ನೆಗಳು. ಇಂಥವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎರಿಕ್ ಮಜೂರ್ ತಮ್ಮ ತರಗತಿಗೆ ಕೊಟ್ಟರು. ಕಠಿಣ ಲೆಕ್ಕಗಳನ್ನು ನೀರು ಕುಡಿದಂತೆ ಬಿಡಿಸುತ್ತಿದ್ದ ಹುಡುಗರೇ ಇಲ್ಲಿ ಎಡವಿದರು. ಒಬ್ಬ ವಿದ್ಯಾರ್ಥಿನಿಯಂತೂ, ನೀವು ಹೇಳಿಕೊಟ್ಟ ಪ್ರಕಾರ ಉತ್ತರ ಬರೆಯಬೇಕೋ ನನಗೆ ಅನಿಸುವ ಪ್ರಕಾರವೋ ಎಂದು ಕೇಳಿದಳಂತೆ. ಮಜೂರ್ ಅಲ್ಲಿಂದ ತಮ್ಮ ಪಾಠದ ಕ್ರಮವನ್ನೇ ಬದಲಿಸಿ, ತರಗತಿಯಲ್ಲಿ ವಿದ್ಯಾರ್ಥಿಗಳು ಪಕ್ಕದವರ ಜೊತೆ ವಾದ ಮಾಡಿ ಉತ್ತರ ಕಂಡುಕೊಳ್ಳುವ ಪದ್ಧತಿ ತಂದರು. ಹಾರ್ವರ್ಡಿನವರಿಗೇ ಹೀಗಾದರೆ ಎಂದು ನನಗೆ ಸಮಾಧಾನವಾಯಿತು ಎಂದರೆ ಸುಳ್ಳಲ್ಲ.

ಓದಿದ್ದನ್ನೇ ಓದುವುದರ ಬಗ್ಗೆಯೂ ಒಂದು ಪ್ರಯೋಗವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಮತ್ತೆ ಓದಲು ಹೇಳಿದರು, ಕೆಲವರಿಗೆ ಪುಟ ಮುಚ್ಚಿ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಪರೀಕ್ಷಿಸಿದರೆ ತಲೆಕೆಳಗು: ಮುಚ್ಚಿ ಬರೆದವರು ಬಹಳ ಮುಂದಿದ್ದರು. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ನಂಬಿಕೆ ಮಾತ್ರ ಮತ್ತೆ ಮತ್ತೆ ಓದಿದವರಲ್ಲೇ ಹೆಚ್ಚು. ನನ್ನ ಕೆಂಪು ರೈಟ್ ಮಾರ್ಕುಗಳು ಆ ನಂಬಿಕೆಯೇ.

ಇದನ್ನು ಓದಿದಾಗ ನಮ್ಮಜ್ಜನ ನೆನಪು ಬಂತು. ಬಾಯಿಪಾಠ ಎಂದರೆ ಈಗಿನವರು ಮೂಗು ಮುರಿಯುತ್ತಾರೆ, ನನ್ನ ಸೋಲನ್ನೂ ಬಾಯಿಪಾಠದ ಲೆಕ್ಕಕ್ಕೇ ಬರೆಯುತ್ತಾರೆ. ಆದರೆ ಅಜ್ಜ ಮಗ್ಗಿ ಕಲಿತದ್ದು ನೋಡಿಕೊಂಡು ಓದಿ ಅಲ್ಲ, ಮೇಷ್ಟರ ಮುಂದೆ ಕೈ ಕಟ್ಟಿ ನಿಂತು ಒಪ್ಪಿಸಿ. ತಪ್ಪಿದರೆ ಹಿಂದಿನ ಸಾಲಿನಿಂದ ಮತ್ತೆ. ಕಾಲು, ಅರೆಕಾಲಿನ ಮಗ್ಗಿ ಅವನಿಗೆ ಸಾಯುವವರೆಗೂ ನಾಲಗೆಯ ಮೇಲಿತ್ತು, ಸಂತೆಯಲ್ಲಿ ಅವನನ್ನು ಯಾರೂ ಯಾಮಾರಿಸಲು ಆಗುತ್ತಿರಲಿಲ್ಲ. ನಾನು ಬಾಯಿಪಾಠವನ್ನೂ ನೆಟ್ಟಗೆ ಮಾಡಿದವನಲ್ಲ. ಒಪ್ಪಿಸಿಕೊಳ್ಳುವವರು ಯಾರೂ ಇಲ್ಲದ ಬಾಯಿಪಾಠ ಅದು.

ಎಚ್.ಸಿ. ವರ್ಮಾ ಅವರ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’ ನನ್ನ ಹತ್ತಿರ ಮೊದಲಿನಿಂದಲೂ ಇತ್ತು. ಸೀನಿಯರ್‌ಗಳ ಬ್ಯಾಗಿನಲ್ಲಿ ಕಂಡಿದ್ದಕ್ಕೆ ಕೊಂಡದ್ದು, ಬ್ರೌನ್ ಪೇಪರ್ ಹಾಕಿ ಶೆಲ್ಫಿನಲ್ಲಿ ನಿಲ್ಲಿಸಿದ್ದು. ಅದರ ಪ್ರತಿ ಅಧ್ಯಾಯದ ಕೊನೆಗೆ ಬಹು ಆಯ್ಕೆಯ ಪ್ರಶ್ನೆಗಳಿಗಿಂತ ಮೊದಲು ಚಿಕ್ಕ ಉತ್ತರದ ಪ್ರಶ್ನೆಗಳಿವೆ. ಅಂಕಿಯಿಲ್ಲ, ಆಪ್ಷನ್ ಇಲ್ಲ, ಯಾಕೆ ಹೀಗಾಗುತ್ತದೆ ಹೇಳಿ ಎಂದಷ್ಟೇ. ಪರೀಕ್ಷೆಗೆ ಬರುವುದಿಲ್ಲ ಎಂದು ಆ ಭಾಗವನ್ನು ಪೂರ್ತಿ ಹಾರಿಸಿದ್ದೆ. ಎರಡನೇ ಸಲ ಅಲ್ಲಿಂದಲೇ ಶುರು ಮಾಡಿದೆ, ಅದೂ ಒಬ್ಬನೇ ಅಲ್ಲ. ಕದಬಹಳ್ಳಿಯಿಂದ ಬರುತ್ತಿದ್ದ ಸ್ನೇಹಿತನೊಬ್ಬ ನನ್ನ ಹಾಗೇ ಮನೆಯಲ್ಲಿ ಉಳಿದಿದ್ದ. ಗುಡಿಯ ಜಗಲಿಯ ಮೇಲೆ ಕೂತು ಕಿತ್ತಾಡುತ್ತಿದ್ದೆವು. ಲಿಫ್ಟಿನೊಳಗೆ ತೂಕ ಹೆಚ್ಚಾಗುವ, ಕಡಿಮೆಯಾಗುವ ಪ್ರಶ್ನೆ ಬಂದಾಗ ಇಬ್ಬರೂ ಲಿಫ್ಟನ್ನೇ ಹತ್ತಿದವರಲ್ಲ ಎಂದು ಹೊಳೆದು ನಕ್ಕಿದ್ದೆವು. ಕೊನೆಗೆ ಬಸ್ಸು ಹಂಪ್ ಇಳಿಯುವಾಗ ಹೊಟ್ಟೆ ಜುಂ ಅನ್ನುತ್ತದಲ್ಲ, ಅಲ್ಲಿಂದ ಹಿಡಿದು ಲಿಫ್ಟಿಗೆ ಬಂದೆವು.

ಮತ್ತೆ ಬರೆದೆ. ಅಂಕ ಚೆನ್ನಾಗಿ ಏರಿತು. ಆಸೆಪಟ್ಟ ಕಾಲೇಜು ಆಗಲೂ ಸಿಗಲಿಲ್ಲ, ಸಿಕ್ಕ ಕಡೆ ಓದಿದೆ, ಕೆಲಸ ಹಿಡಿದೆ. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಈಗ ಅಕ್ಕನ ಮಗಳು ಎರಡನೇ ಪಿಯುಸಿ. ಸಿಇಟಿಗೂ ನೀಟ್‌ಗೂ ಒಟ್ಟಿಗೆ ಓದುತ್ತಿದ್ದಾಳೆ. ನೀಟ್‌ನಲ್ಲಿ ಫಿಸಿಕ್ಸ್‌ಗೆ 45 ಪ್ರಶ್ನೆ, ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಳೆಯುತ್ತಾರೆ. 2017ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದು, ನಮ್ಮ ಕಾಲದಲ್ಲಿ ಆ ಮಾತೇ ಇರಲಿಲ್ಲ. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗಗಳಿಂದ ಪ್ರಶ್ನೆ ಬಂದು ರಾಜ್ಯವೆಲ್ಲ ಗಲಾಟೆಯಾಗಿ, ಕೊನೆಗೆ ನಾಲ್ಕು ವಿಷಯಗಳಿಂದ 50 ಪ್ರಶ್ನೆಗಳನ್ನು ಲೆಕ್ಕದಿಂದ ತೆಗೆದರಲ್ಲ, ಫಿಸಿಕ್ಸ್‌ನಲ್ಲೇ ಒಂಬತ್ತು. ಅದನ್ನು ಕೇಳಿಸಿಕೊಂಡಾಗಿನಿಂದ ಅವಳಿಗೆ ಸಿಲಬಸ್ಸಿನ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತು. ಯಾವುದು ಇದೆ, ಯಾವುದು ಇಲ್ಲ, ಬೆರಳ ತುದಿಯಲ್ಲಿ ಹೇಳುತ್ತಾಳೆ.

ಅವಳ ಹತ್ತಿರ ದಪ್ಪ ಪುಸ್ತಕವಿಲ್ಲ, ಫೋನಿದೆ. ಯಾರೋ ಮೇಷ್ಟರು ಲೆಕ್ಕ ಬಿಡಿಸುವ ವಿಡಿಯೋವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತ ತಲೆದೂಗುತ್ತಾಳೆ. ಆ ತಲೆದೂಗುವಿಕೆ ನೋಡಿದರೆ ನನಗೆ ನನ್ನದೇ ಹೂಂ ಕೇಳಿಸುತ್ತದೆ. ಪ್ರಶ್ನೆ ಕಂಡ ಕೂಡಲೇ ವಿಡಿಯೋ ನಿಲ್ಲಿಸಿ ನೀನೇ ಮಾಡು ಎಂದರೆ, "ಮಾವ, ಅಷ್ಟು ಟೈಮ್ ಎಲ್ಲೈತೆ?" ಎನ್ನುತ್ತಾಳೆ. ಬೋರಿನ ಇಂಚಿನ ಕಥೆ ಹೇಳಿದೆ. ಆಸಕ್ತಿಯಿಂದಲೇ ಕೇಳಿ, ಚಿತ್ರ ಬರೆದು, ಐದೂವರೆ ಪಟ್ಟಿನ ಲೆಕ್ಕವನ್ನು ನನಗಿಂತ ಬೇಗ ತೆಗೆದು, ಆಮೇಲೆ ಕೇಳಿದಳು: "ಇದು ಎಕ್ಸಾಮಿಗೆ ಬತ್ತದಾ?" ಬರುವುದಿಲ್ಲ ಎಂದೆ. ಅವಳ ಕೇಳಿಕೆ ನ್ಯಾಯವೇ. ಎರಡು ವರ್ಷದ ಪಾಠ, ಮೂರು ವಿಷಯದ ಜೊತೆ ಇನ್ನೊಂದು, ಎರಡೆರಡು ಪ್ರವೇಶ ಪರೀಕ್ಷೆ. ತೊಟ್ಟಿಯ ಪಕ್ಕ ಕೂತು ಯೋಚಿಸಲು ನನಗೆ ಒಂದಿಡೀ ವರ್ಷ ಸಿಕ್ಕಿದ್ದು ನಾನು ಫೇಲಾದ್ದರಿಂದ. ಆ ವರ್ಷವನ್ನು ಇನ್ನೊಬ್ಬರ ಮಗಳಿಗೆ ಸಲಹೆ ಮಾಡುವ ಧೈರ್ಯ ನನಗಿಲ್ಲ.

ಹಾಗಾಗಿ ರಾಜಿಯಾಗಿದ್ದೇವೆ. ಭಾನುವಾರ ಬೆಳಿಗ್ಗೆ ಒಂದು ಹಳೇ ಸಿಇಟಿ ಪತ್ರಿಕೆ, ಎಂಬತ್ತು ನಿಮಿಷ, ಫೋನು ಅಕ್ಕನ ಹತ್ತಿರ. ಮೊದಲ ಸುತ್ತಿನಲ್ಲಿ ತಕ್ಷಣ ಹೊಳೆದವು, ಎರಡನೇ ಸುತ್ತಿನಲ್ಲಿ ಉಜ್ಜಾಡಬೇಕಾದವು, ಕೊನೆಯ ಐದು ನಿಮಿಷ ಓಎಂಆರ್ ಸಾಲು ತಪ್ಪಿದೆಯೇ ನೋಡಲು, ಖಾಲಿ ಒಂದೂ ಬಿಡಬಾರದು. ತಪ್ಪಾದವಕ್ಕೆ ಎಷ್ಟು ಬೇಕಾದರೂ ವಿಡಿಯೋ ನೋಡಲಿ, ಅದಕ್ಕೆ ಮೊದಲು ಚಿತ್ರ ಬರೆದು ತಾನು ಎಲ್ಲಿ ಸಿಕ್ಕಿಕೊಂಡೆ ಎಂದು ಒಂದು ಸಾಲು ಬರೆಯಬೇಕು. ಅವಳದ್ದೂ ಒಂದು ಷರತ್ತಿದೆ: ಅದೇ ಪತ್ರಿಕೆಯನ್ನು ಅದೇ ಹೊತ್ತಿನಲ್ಲಿ ಎದುರಿಗೆ ಕೂತು ನಾನೂ ಬಿಡಿಸಬೇಕು. ಕಳೆದ ಭಾನುವಾರ ಅವಳಿಗೆ ನನಗಿಂತ ಹೆಚ್ಚು ಬಂತು. ಸೆಮಿಕಂಡಕ್ಟರ್ ನಾನು ಪೂರ್ತಿ ಮರೆತಿದ್ದೇನೆ.